ಇಲ್ಲ ಎಂಬುದಕ್ಕೆ ರುಜು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದೆ, ವಠಾರದಲ್ಲಿ
ನಮ್ಮದು ಕಡೆಯ ಮನೆ.
ಹೆಂಚಿನ ಮೇಲೆ ಎರಡು ಬಿದಿರು ಗಳ, ನಡುವೆ ತಾಮ್ರದ ಜಾಲರಿ ಪಟ್ಟಿ.
ನಮಗಿಂತ ಮುಂಚೆ ಇದ್ದ ಮಿಲ್ಲಿನ ಫಿಟ್ಟರು
ರೇಡಿಯೋ ಹೊತ್ತುಕೊಂಡು ಹೋದ,
ಏರಿಯಲ್ಲು ಬಿಟ್ಟು ಹೋದ.
ಹೊಟ್ಟಿನ ಹೊಗೆ ಮೆತ್ತಿ ಅದು ಕಪ್ಪಾಗಿತ್ತು,
ಕೂತ ಕಾಗೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದಷ್ಟು.

ಗುಂಡೇರಾಯರು ಮೊದಲು ನೋಡಿದ್ದು ಅದನ್ನೇ.
ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಕಂಕುಳಲ್ಲಿ ರಿಜಿಸ್ಟರು,
ಕತ್ತು ಮೇಲೆತ್ತಿಕೊಂಡೇ ಅಂದರು:
'ಲೈಸೆನ್ಸ್ ಪುಸ್ತಕ ತಗೊಂಡು ಬರ್ರಿ.'

'ರೇಡಿಯೋನೇ ಇಲ್ರೀ.'

'ಇಲ್ಲ ಅಂದೋರ ಮನೇಲೇ ನಾನು ಜಾಸ್ತಿ ಹಿಡಿದಿರೋದು.
ದಿನಾ ಸಂಜೆ ವಾರ್ತೆ ಕೇಳಿಸುತ್ತಂತೆ. ಅರ್ಜಿ ಬಂದಿದೆ.'

ಬರೆದವನು ಪಕ್ಕದ ಮನೆ ಹುಚ್ಚಂಗೆಪ್ಪ.
ವರ್ಷಾ ವರ್ಷಾ ಪೋಸ್ಟಾಫೀಸಿನ ಸಾಲಿನಲ್ಲಿ ನಿಂತು
ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟ್ಯಾಂಪು ಅಂಟಿಸಿದವನು.
ಅವನ ಹೊಟ್ಟೆಯುರಿ ನ್ಯಾಯವಾದದ್ದೇ, ಈಗ ಅನ್ನಿಸುತ್ತದೆ.

ರಾಯರು ಟ್ರಂಕು ತೆಗೆಸಿದರು. ಜೋಳದ ಹಿಟ್ಟಿನ ಡಬ್ಬಿಗೆ
ಕೈಯಿಳಿಸಿ ಮೊಣಕೈವರೆಗೆ ಬೆಳ್ಳಗಾದರು.
ಅಜ್ಜಿಯ ಕೌದಿ ಸರಿಸುವುದೋ ಬೇಡವೋ ಎಂದು ನಿಂತಾಗ
ಪೊರೆ ಬಂದ ಕಣ್ಣು ಅವರ ಕಡೆ ತಿರುಗಿಸಿ ಅಜ್ಜಿಯೇ ಅಂದಳು:
'ಎದಿಯಾಗ ಐತೇನೋ ನೋಡಪ್ಪ, ರಾತ್ರಿಯೆಲ್ಲ ಗೊರಗೊರ ಅಂತೈತಿ.'

ನನಗೆ ಎಂಟು ವರ್ಷ. ಹೊಡೆತ ಬಿದ್ದರೂ ಬೀಳಲಿ ಎಂದು
ಹೇಳಿಬಿಟ್ಟೆ: 'ವಾರ್ತೆ ಓದೋದು ನಮ್ಮ ದೊಡ್ಡಮ್ಮ ರೀ.'

ಮೂಲೆಯಲ್ಲಿ ಹಳೇ ಪತ್ರಿಕೆಯ ರಾಶಿ, ಮೈದಾ ಅಂಟಿನ ಚೊಂಬು.
ನೂರು ಪೊಟ್ಟಣಕ್ಕೆ ನಾಲ್ಕಾಣೆ.
ನಾಲ್ಕನೇ ಇಯತ್ತೆಯ ಅಕ್ಷರ ಮರೆತುಹೋದೀತೆಂದು
ಅಂಟು ಹಚ್ಚುವ ಮುಂಚೆ ಪ್ರತಿ ಹಾಳೆ ಓದುತ್ತಿದ್ದಳು,
ಅಜ್ಜಿಗೆ ಕೇಳುವಷ್ಟು ಗಟ್ಟಿಯಾಗಿ,
ಚಹದಂಗಡಿ ಮುಂದೆ ನಿಂತು ಕಲಿತ ದನಿಯಲ್ಲಿ.

'ಓದ್ರಿ ನೋಡೋಣ.'

ಸೆರಗು ಸರಿಮಾಡಿಕೊಂಡಳು. ಕೈಗೆ ಸಿಕ್ಕ ಹಾಳೆ ಎತ್ತಿದಳು.
'ವಾರ್ತೆಗಳು. ಓದುತ್ತಿರುವವರು ಕೊಟ್ರಮ್ಮ.
ಹರಿಹರದ ಸೇತುವೆಯ ಬಳಿ ನಿನ್ನೆ
ಹತ್ತಿ ತುಂಬಿದ ಲಾರಿಯೊಂದು ಮಗುಚಿ, ಚಾಲಕನು'

ಅಲ್ಲಿಗೆ ಹಾಳೆ ಹರಿದಿತ್ತು.

'ಚಾಲಕನು?' ಅಂದರು ರಾಯರು.
'ಗೊತ್ತಿಲ್ರೀ. ಹೋದ ವರ್ಷದ್ದು.'
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಭಟ್ಟಿಯಲ್ಲಿ ಮರಳು ಜರಡಿ ಹಿಡಿಯುವ ಸದ್ದಷ್ಟೇ.

ರಿಜಿಸ್ಟರಿನಲ್ಲಿ ಕಂಪನಿ ಯಾವುದು, ಬ್ಯಾಂಡು ಎಷ್ಟು,
ನಂಬರು ಏನು, ಎಲ್ಲಕ್ಕೂ ಮನೆ ಹಾಕಿತ್ತು.
ಇಲ್ಲ ಎಂದು ಬರೆಯಲು ಜಾಗವಿರಲಿಲ್ಲ.
ಹಿಟ್ಟು ಮೆತ್ತಿದ ಬೆರಳಲ್ಲೇ ಅಂಚಿನಲ್ಲಿ ಏನೋ ಗೀಚಿ
'ಇಲ್ಲಿ ರುಜು ಹಾಕಮ್ಮ' ಅಂದರು.
ರೇಶನ್ ಕಾರ್ಡಿಗೆ, ಬಾಡಿಗೆ ಚೀಟಿಗೆ
ಅಪ್ಪನೇ ಹಾಕುತ್ತಿದ್ದ.
ಅವಳು ನಾಲ್ಕೂ ಅಕ್ಷರ ಬಿಡಿಸಿ ಬಿಡಿಸಿ ಬರೆದಳು,
ಕೆಳಗೆ ಗೆರೆಯನ್ನೂ ಎಳೆದಳು.
ರಾಯರು ಒಂದು ಬೊಗಸೆ ಮಂಡಕ್ಕಿ ತಿಂದು, ನೀರು ಕುಡಿದು ಹೋದರು.

ಮರು ವರ್ಷ ಅಂಚೆಯಲ್ಲಿ ನೋಟೀಸು ಬಂತು:
ಶ್ರೀಮತಿ ಕೊಟ್ರಮ್ಮ ಇವರ ರೇಡಿಯೋ ಲೈಸೆನ್ಸು
ನವೀಕರಣವಾಗಿಲ್ಲ, ದಂಡಸಹಿತ ಇಪ್ಪತ್ತೆರಡೂವರೆ ರೂಪಾಯಿ.
ಹೆಸರು ಒಂದು ಸಲ ಕಾಗದಕ್ಕೆ ಹೋಯಿತಲ್ಲ,
ರೇಡಿಯೋ ಅದರ ಹಿಂದೆ ತಾನಾಗಿ ಬಂದಿತ್ತು.

ಅಪ್ಪ ಹೆದರಿ ಏರಿಯಲ್ ಕೀಳಲು ಹೆಂಚು ಹತ್ತಿದ,
ಎರಡು ಹೆಂಚು ಒಡೆದ.

ದೊಡ್ಡಮ್ಮ ಅದನ್ನೂ ಓದಿದಳು ಸಂಜೆ, ಅದೇ ದನಿಯಲ್ಲಿ,
ಕಾನೂನಿನ ಕಲಮಿನ ನಂಬರನ್ನೂ ಬಿಡದೆ.
ಅಜ್ಜಿ ಮೊತ್ತವನ್ನು ಎರಡೆರಡು ಸಲ ಹೇಳಿಸಿಕೊಂಡಳು.

'ಅಷ್ಟು ರೊಕ್ಕ ಬಾಳತೈತೇನೇ
ನಿನ್ನ ದನಿ?'

ದೊಡ್ಡಮ್ಮ ಉತ್ತರ ಕೊಡಲಿಲ್ಲ.
ನೋಟೀಸಿನ ಹಾಳೆ ದಪ್ಪ, ಒಳ್ಳೇ ಪೊಟ್ಟಣವಾಗುತ್ತಿತ್ತು.
ಬೆರಳಲ್ಲಿ ಅಂಟು ತೆಗೆದುಕೊಂಡವಳು
ಚೊಂಬಿನ ಅಂಚಿಗೇ ವಾಪಸು ಒರೆಸಿ
ಅದನ್ನು ಮಡಚಿ ಟ್ರಂಕಿಗಿಟ್ಟಳು.