ಎರಡನೇ ಪ್ರೂಫ್

ಮಾಘಮಾಸ ಬಂತಂದ್ರ ನಮ್ಮ ಪ್ರೆಸ್ಸಿನ್ಯಾಗ
ಲಗ್ನಪತ್ರಿಕಿ ರಾಶಿ.
ಹನ್ನೊಂದು ವರ್ಷಾತು, ಗದಗಿನ್ಯಾಗ ಇದ ಕುರ್ಚಿ, ಇದ ಕೀಬೋರ್ಡು.
ಮಂದಿ ಮನೀ ಹೆಸರು ಟೈಪ್ ಮಾಡೂದು ನನ್ನ ಕೆಲಸ:
ಅಜ್ಜ, ಅಜ್ಜಿ, ಕಾಕಾ, ಕಾಕು, ಸ್ವಾದರಮಾವ,
ಕಡೀಕ “ನಮ್ಮ ಮಾಮಾನ ಮದುವೀಗೆ ತಪ್ಪದ ಬರ್ರಿ” ಅನ್ನೂ
ಎರಡು ಕೂಸು.
ಒಂದು ಹೆಸರು ಬಿಟ್ಟರ ಮುಗೀತು,
ಹಿರೇರು ಬಂದು ಕೌಂಟರ್ ಮ್ಯಾಲ ಕೈ ಬಡೀತಾರ.

ನಾವು ಇಬ್ಬರ.
ಅವ್ವ ದವಾಖಾನಿಂದ ಹೊಳ್ಳಿ ಬರಲಿಲ್ಲ,
ಅಪ್ಪ ಬಂದರೂ ಬಂದಂಗಿರಲಿಲ್ಲ.
ಬೆಟಗೇರಿ ಬಾಡಿಗಿ ಖೋಲಿಯಿಂದ
ಬಿಳೀ ಜೀಪಿನ್ಯಾಗ ಕರಕೊಂಡು ಹೋದಾಗ
ಫಕೀರೇಶಗ ಐದು, ನನಗ ಹತ್ತು.
ಅವನ ಕಾಲಾಗ ಚಪ್ಪಲಿ ಅದಲಬದಲಾಗಿದ್ದುವು.
ಹಾದಿ ತುಂಬ ನೋಡಿದೆ, ಸರಿ ಮಾಡಲಿಲ್ಲ.
ಇಳದ ಮ್ಯಾಲ ಮಾಡಿದರಾತು ಅಂದುಕೊಂಡೆ.

ಇಳದದ್ದು ನಾ ಒಬ್ಬಾಕಿ.
ಹುಡುಗ್ಯಾರಿಗೆ ಇದು, ಹುಡುಗರಿಗೆ ಹುಬ್ಬಳ್ಳಿ,
ಕಾಯ್ದೆ ಹಂಗ ಐತವ್ವಾ ಅಂದ್ರು.
ಜೀಪು ತಿರುಗಿತು.

ರಾತ್ರಿ ಅಂವ ನನ್ನ ಎಡಗಿವಿ ಹಾಲಿ ಹಿಡದ ಮಲಗತಿದ್ದ.
ಚುಚ್ಚತೈತಿ ಅಂತ ನಾ ವಾಲಿ ಬಿಚ್ಚಿ ಇಡತಿದ್ದೆ.
ಹುಬ್ಬಳ್ಳಿಯಾಗ ಯಾರು ಕಿವಿ ಕೊಟ್ಟರೋ.
ಇವತ್ತಿಗೂ ನಾ ವಾಲಿ ಹಾಕೂದು ಬಲಗಿವಿಗೆ ಅಷ್ಟ;
ಫ್ಯಾಶನ್ ಏನು ಅಂತ ಕೇಳತಾರ, ಹೂಂ ಅಂತೀನಿ.

ತಿಂಗಳಿಗೊಮ್ಮೆ ಭೆಟ್ಟಿ ಅಂತ ಕಾಗದದಾಗ ಇತ್ತು.
ಮಂದಿ ಇದ್ದಾಗ ಗಾಡಿ ಇರಲಿಲ್ಲ,
ಗಾಡಿ ಇದ್ದಾಗ ಪರೀಕ್ಷಾ.
ಎರಡ ಸಲ ನೋಡಿದೆ.
ಎರಡನೇ ಸಲ ಅಂವ ನನಗ “ನೀವು” ಅಂದ.

ಆಮ್ಯಾಲ ರಾಣೆಬೆನ್ನೂರಿನ ಬೀಜದಂಗಡಿಯವರು ಯಾರೋ
ಸಾಕಾಕ ಒಯ್ದರಂತ.
ಊರ ಹೆಸರು ಮೇಡಮ್ಮರ ಬಾಯಿ ಜಾರಿ ಬಂತು,
ಮನೀ ಹೆಸರು ಜಾರಲಿಲ್ಲ.
“ಛಲೋ ಮಂದಿ” ಅಂದ್ರು.
ಅದೊಂದು ಮಾತು ಟ್ರಂಕಿನ್ಯಾಗ ಇಟಗೊಂಡು
ಹದಿನೆಂಟಕ್ಕ ನಾ ಹೊರಗ ಬಂದೆ.

ಮೊನ್ನೆ ಗುರುವಾರ ಒಬ್ಬ ವರ ಬಂದ.
ಹುಡುಗಿ ಮನಿ ಇಲ್ಲೇ ಮುಳಗುಂದ ನಾಕಾದ ಕಡೆ.
ಚಿ. ಶರಣಕುಮಾರ, ರಾಣೆಬೆನ್ನೂರು,
ಅಂಗಡಿ ಹೆಸರಿನ ಬಾಜೂಕ ಹತ್ತೀಕಾಳಿನ ಚಿತ್ರ.
ಆ ಊರಾಗ ಬೀಜದಂಗಡಿ ಬಾಳ ಅದಾವು, ನನಗ ಗೊತ್ತು.
ಪ್ರೂಫ್ ಓದ್ತಾ ಅಂವ ತನ್ನ ಕಿವಿಹಾಲಿ ತಾನ ಹಿಡಕೊಂಡ.
ಬಾಳ ಮಂದಿ ಹಿಡಕೊಂತಾರ, ಅದೂ ಗೊತ್ತು.
ಅವನ ಕಾಲು ನೋಡಿದೆ.
ಬೂಟು. ಎಡದು ಎಡಕ್ಕ, ಬಲದು ಬಲಕ್ಕ.

ಕೇಳಬಹುದಿತ್ತು. ಏನಂತ ಕೇಳಲಿ?
ಬಾಜೂಕ ಅವನ ತಾಯಿ ಕುಂತಿದ್ರು.
ಅಂವ ಬೇಡೂಕಿಂತ ಮೊದಲ
ಬಾಟಲಿ ಮುಚ್ಚಳಾ ತಗದು ಕೈಯಾಗ ಕೊಟ್ರು.
ಅಂವ ನೋಡದ ಇಸಗೊಂಡ, ಕುಡದ.
ಛಲೋ ಮಂದಿ.

ಎರಡನೇ ಪ್ರೂಫಿನ್ಯಾಗ
“ತಮ್ಮ ಸುಖಾಗಮನ ಬಯಸುವವರು” ಅನ್ನೂದರ ಕೆಳಗ,
ಅವನ ಅಪ್ಪ ಅವ್ವನ ಹೆಸರು ದಾಟಿ,
ಒಂದು ಸಾಲಿನ ಜಾಗಾ ಉಳದಿತ್ತು.
ಉಳದಿತ್ತು ಅಂದ್ರ ಸುಳ್ಳು.
ಎಂಟರ್ ಎರಡು ಸಲ ಒತ್ತಿದ್ದು ಈ ಬಟ್ಟು.

“ಇದೇನ್ರೀ ಅಕ್ಕಾರ, ಇಲ್ಲಿ ಖಾಲಿ?”
(ನಮ್ಮ ಕಡೆ ಅಂಗಡ್ಯಾಗ ಕುಂತಾಕಿ ಎಲ್ಲಾರಿಗೂ ಅಕ್ಕಾರ.)
“ಮಶೀನಿನ ತಪ್ಪು, ತಗೀತೀನಿ” ಅಂದೆ.
ಅಂವ ಆ ಬಿಳೀ ಸಾಲು ಬಾಳೊತ್ತು ನೋಡಿದ,
ಬರದದ್ದನ್ನ ಓದಿದಂಗ.
“ಇರ್ಲಿ ಬಿಡ್ರಿ. ಹಾಕೂದೊಂದು ಹೆಸರೈತಿ,
ನೆನಪಿಗೆ ಬರವಲ್ದು.”

ಐದುನೂರು ಕಾರ್ಡು ಹೊರಗ ಬಂದ್ವು, ಐದುನೂರರಾಗೂ ಖಾಲಿ.
ಬಾಕಿ ರೊಕ್ಕ ಕೊಟ್ಟು ಹೊಂಟ. ಎಣಸಿದೆ,
ನೂರು ಹೆಚ್ಚಿತ್ತು.
ಕರದೆ.
ಬಾಯಿಗೆ ಬಂದ ಹೆಸರು ಕಾರ್ಡಿನ್ಯಾಗಿಂದಲ್ಲ;
ಒಳಗ ಮಶೀನು ಓಡಾಕತ್ತಿತ್ತು, ಕೇಳಿಸ್ತೋ ಇಲ್ಲೋ.

ಮೆಟ್ಟಲ ಮ್ಯಾಲ ಅಂವ ಒಂದು ಗಳಿಗಿ ನಿಂತ,
ಬಗ್ಗಿದ,
ಬೂಟಿನ ಲೇಸು ಕಟ್ಟಾಕೋ ಏನೋ.