ಒಬ್ಬಳೇ ಎಂಬುದಕ್ಕೆ ದೃಢಪತ್ರ

ಜನನ ರಿಜಿಸ್ಟರಿನಲ್ಲಿ ನಾನು ವಾರಿಜ, ಮಲಯಾಳದಲ್ಲಿ.
ಹತ್ತನೆಯ ಕ್ಲಾಸಿನ ಪುಸ್ತಕದಲ್ಲಿ ವಾರಿಜಾಕ್ಷಿ.
ಕಣ್ಣು ಸೇರಿಸಿದ್ದು ಕನ್ನಡ ಶಾಲೆಯ ಕೊರಗಪ್ಪ ಮಾಸ್ತರರು,
ಸುಮ್ಮನೆ, ಚಂದಕ್ಕೆ.
ಪಾಸ್‌ಪೋರ್ಟಿನಲ್ಲಿ ಅಪ್ಪನೂ ಬಂದು ಬಾಲಕ್ಕೆ ಕೂತಿದ್ದಾರೆ.
ಊರಿಗೂ ಹಾಗೆಯೇ: ಬಸ್ಸಿನ ಬೋರ್ಡಿಗೆ ಕುಂಬಳ, ನಮ್ಮ ಬಾಯಿಗೆ ಕುಂಬಳೆ.
ನ್ಯೂಜಿಲೆಂಡಿನ ಒಬ್ಬ ಅಧಿಕಾರಿ, ಹೆಸರಿಲ್ಲ, ನಂಬರು ಮಾತ್ರ,
ಕೇಳುತ್ತಾರೆ: ಈ ಮೂವರಲ್ಲಿ
ಮದುವೆಯಾಗುವವಳು ಯಾರು?

ವಿಲೇಜ್ ಆಫೀಸಿನ ಬೆಂಚಿಗೆ ಮೂರೇ ಕಾಲು,
ನಾಲ್ಕನೆಯದು ಒಂದು ಕೆಂಪುಕಲ್ಲು.
ಆಫೀಸರರು ಸರ್ವೆಗೆ ಹೋಗಿದ್ದಾರೆ.
ಆಫೀಸರರು ಕಲೆಕ್ಟರೇಟಿಗೆ ಹೋಗಿದ್ದಾರೆ.
ಇವತ್ತು ಅವರಿದ್ದಾರೆ, ಸರ್ವರ್ ಇಲ್ಲ.
ಅರ್ಜಿ ಕನ್ನಡದಲ್ಲಿ ಬರೆದಿದ್ದೆ; ಹಕ್ಕು ಉಂಟು ಎಂದು ಗೊತ್ತು,
ಹಕ್ಕಿಗೆ ಎರಡು ವಾರ ಹೆಚ್ಚು ಎಂದೂ ಗೊತ್ತು.
ಹರಿದು, ಮಲಯಾಳದಲ್ಲಿ ಬರೆಸಿದೆ.

ಪ್ರೀತಿಗೆ ಪುರಾವೆ ಕೊಡಿ ಎಂದಿದ್ದಾರೆ, ಹನ್ನೆರಡು ಪುಟದೊಳಗೆ.
ನೋಡಿದ್ದು ಮೂರು ಸಲ. ಮೊದಲ ಸಲ
ಚಹಾಕ್ಕೆ ಸಕ್ಕರೆ ಬಿದ್ದಿಲ್ಲವೆಂದು ಹೇಳದೆ ಕುಡಿದ;
ಇದಕ್ಕೆ ಸಾಕ್ಷಿ ನಾನೊಬ್ಬಳೇ.
ನಿಶ್ಚಯದ ಫೋಟೋದಲ್ಲಿ ನಮ್ಮ ನಡುವೆ ಒಂದು ಮೊಳ ಜಾಗ,
ಆ ಜಾಗದಲ್ಲಿ ಅಕ್ಕನ ಮಗ ಐಸ್‌ಕ್ಯಾಂಡಿ ತಿನ್ನುತ್ತಿದ್ದಾನೆ.
ಏಕೆ ದೂರ ನಿಂತಿದ್ದೀರಿ, ವಿವರಿಸಿ.
ವಿವರಿಸಿದೆ: ಅಷ್ಟು ಹತ್ತಿರ ಅದುವರೆಗೆ ನಿಂತಿರಲಿಲ್ಲ.

ಎದೆಯ ಎಕ್ಸ್‌ರೇಗೆ ಆಯುಷ್ಯ ಮೂರು ತಿಂಗಳು.
ಕೊಚ್ಚಿಗೆ ಎರಡನೇ ಸಲ, ರಾತ್ರಿ ರೈಲು, ಕಕ್ಕಸಿನ ಪಕ್ಕದ ಸೀಟು.
ಉಸಿರು ಬಿಗಿಹಿಡಿಯಿರಿ ಎಂದಳು ಹುಡುಗಿ.
ಬಿಟ್ಟದ್ದಾದರೂ ಯಾವಾಗ, ತಂಗೀ?

ನಾನು ಪಿಗ್ಮಿ ಸಂಗ್ರಹದವಳು. ಸಂಜೆ ಪೇಟೆಯಲ್ಲಿ
ಇಪ್ಪತ್ತು, ಐವತ್ತು, ಮೀನಿನ ವಾಸನೆಯ ಹತ್ತರ ನೋಟುಗಳು.
ಬಂತಾ? ಎನ್ನುತ್ತಾರೆ ಹಣ ಕೊಡುತ್ತಾ ಬೀಫಾತಿಮ.
ಬಂತಾ? ಕ್ಷೌರದಂಗಡಿಯ ಕನ್ನಡಿಯೊಳಗಿಂದ ಮೋನಪ್ಪಣ್ಣ.
ಇನ್ನೂ ಇಲ್ಲ ಎಂದು ರಶೀದಿ ಹರಿದು ಕೊಡುತ್ತೇನೆ.
ಟೈಲರ್ ಲೀಲಕ್ಕ ಮಾತ್ರ ಕೇಳುವುದಿಲ್ಲ,
ಟೇಪು ತೆಗೆದು ರವಕೆಯ ಅಳತೆ
ಮತ್ತೊಮ್ಮೆ ಹಿಡಿಯುತ್ತಾಳೆ.

ರಾತ್ರಿ ಒಂಬತ್ತಕ್ಕೆ ಅವನ ಫೋನು. ಅಲ್ಲಿ ನಾಳೆಯ ನಾಲ್ಕೂವರೆ.
ನಾನೂರು ಹಸುಗಳು ಸಾಲು ನಿಂತಿವೆ, ಕಿವಿಯಲ್ಲಿ ನಂಬರು,
ಒಂದಕ್ಕೆ ಒಂದೇ, ಹೆಸರಿನ ತಂಟೆಯಿಲ್ಲ.
ಬೇಸಗೆ ಬಂತೆಂದು ಅಲ್ಲಿ ಇಡೀ ದೇಶ
ಗಡಿಯಾರವನ್ನು ಒಂದು ಗಂಟೆ ಸರಿಸುತ್ತದಂತೆ.
ಒಂದು ಫೈಲು ಸರಿಸಲು ಆಗುವುದಿಲ್ಲವಾ ಕೇಳು, ಅಂದೆ.
ನಕ್ಕ. ಹಾಲು ಕರೆಯುವ ಯಂತ್ರವೂ ನಕ್ಕ ಹಾಗಾಯಿತು.
ಹನ್ನೊಂದು ನಿಮಿಷ. ಪಿಗ್ಮಿ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತೇನೆ,
ಬಡ್ಡಿ ಲೆಕ್ಕ ಹಾಕುವುದಿಲ್ಲ.

ಹತ್ತೊಂಬತ್ತನೇ ದಿನ ಮೇಜಿನಾಚೆಯಿಂದ ಆಫೀಸರರು ಓದಿದರು,
ಮಲಯಾಳದಲ್ಲಿ ಒಮ್ಮೆ, ಮತ್ತೆ ನನಗೆಂದು
ತಡವರಿಸುವ ಕನ್ನಡದಲ್ಲಿ:
ಮೂವರೂ ಒಬ್ಬಳೇ ಎಂದು ದೃಢೀಕರಿಸಲಾಗಿದೆ.
ಗಟ್ಟಿಯಾಗಿ, ಬೆಂಚಿನವರೆಲ್ಲ ತಿರುಗುವಂತೆ.
ಒಬ್ಬಳೇ.
ಹೌದು ಸರ್.
ಇಂಕು ಒಣಗಿತ್ತು. ಮೊಹರಿನ ಮೇಲೆ ಹಾ ಎಂದು
ಬಾಯಿಯ ಉಸಿರು ಊದಿ ಒತ್ತಿದರು.

ಆ ರಾತ್ರಿ ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದೆ.
ವಿಟ್ಲದವನು, ಆ ಅಕ್ಷರ ಬರುವುದಿಲ್ಲ ಅವನಿಗೆ.
ಎಂತ ಬರೆದಿದ್ದಾರೆ? ಅಂದ.
ನಾನು ನಾನೇ ಅಂತೆ, ಅಂದೆ.
ನಿನ್ನ ನಾಳೆಯಲ್ಲಿ ಏನಾದರೂ ಬಂದಿದೆಯಾ?
ಕೊಟ್ಟಿಗೆಯ ಬಾಗಿಲು ಸರಿದ ಸದ್ದು.
ಇಲ್ಲಿ ಮಂಜು ಉಂಟು ಮಾರಾಯ್ತಿ, ಅಂದ,
ಗೇಟಿನವರೆಗೂ ಕಾಣುವುದಿಲ್ಲ.