ಮಡ್ಡಿ

ಮಾರನಕೊಪ್ಪಲಿನ ಶಾಲೆ. ತಿಂಗಳ ಎರಡನೇ ಭಾನುವಾರ.
ಕಾಗುಣಿತದ ಗೋಡೆಗೆ, ಕಮಲದ 'ಕ' ಮುಚ್ಚುವ ಹಾಗೆ
ನಮ್ಮ ಬಿಳಿ ಪಟ:
ನಾಲ್ಕೂ ದಿಕ್ಕಿಗೆ ಬಾಯಿ ತೆರೆದ ಒಂದೇ ಅಕ್ಷರ.
"ಬಾಚಣಿಗೆ ಹಲ್ಲು ಯಾವ ಕಡೆಗಿದೆ, ಕೈಯಲ್ಲಿ ತೋರಿಸಿ."
ಆರು ಮೀಟರು ಅಳೆದು ಸೀಮೆಸುಣ್ಣದ ಗೆರೆ ಎಳೆದವಳು ನಾನು,
ವ್ಯಾನಿನಲ್ಲಿ ಬಂದ ಏಳು ಜನರಲ್ಲಿ ಕಿರಿಯಳು.
ರಿಜಿಸ್ಟರ್ ನನ್ನದು, ಡ್ರಾಪ್ಸ್ ನನ್ನದು,
ಬೈಗುಳವೂ.

ಎಪ್ಪತ್ತೊಂದನೇ ಚೀಟಿ: ಮಂಚಯ್ಯ.
ಕಸುಬು? ಆಲೆಮನೆ.
ಬೆಲ್ಲ ಕಾಯಿಸ್ತೀರಾ?
"ಕಾಯ್ಸೋರು ಬ್ಯಾರೆ ಅವ್ರೆ ಕಣವ್ವ. ನಾನು ಹದ ಹೇಳೋನು."

ಮೂರು ಮೀಟರಿಗೆ ಕರೆದೆ. ಒಂದಕ್ಕೆ ಕರೆದೆ.
ಬೆರಳು ಎಷ್ಟು ಅಂದರೆ
"ಬೆರಳ್ಯಾಕವ್ವ, ನಿನ್ ಕೈ ಸೋಪಿನ ವಾಸ್ನೆ ಬತ್ತಾ ಅದೆ,
ಇಷ್ಟು ದೂರದಲ್ಲಿದ್ದೀಯ" ಎಂದು
ಗಾಳಿಯಲ್ಲಿ ಮೊಳ ಹಾಕಿದ. ಸರಿಯಾಗಿತ್ತು.
ಹದವೂ ಹಾಗೆಯೇ ಅಂತೆ:
ಕೊಪ್ಪರಿಗೆಯ ಗುಳ್ಳೆ ದಪ್ಪಗಾಗಿ ಒಡೆಯುವ ಸದ್ದು,
ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಉಂಡೆಯಾಗುವ ಪರಿ,
ಗೋಡೆಗೆ ಹೊಡೆದರೆ ಟಣ್ ಅನ್ನಬೇಕು.
ಬಣ್ಣಕ್ಕೆ ಮಾತ್ರ ಕಣ್ಣು.

ಟಾರ್ಚು ಬಿಟ್ಟೆ. ಎರಡರಲ್ಲೂ
ಹಳೇ ಹುಣಸೆಯ ಬಣ್ಣಕ್ಕೆ ಬಲಿತ ಪೊರೆ.
ಡಾಕ್ಟರ್ ಫರ್ಹಾನಾ ಬಿಡಿಸಿ ಹೇಳುವ ಮೊದಲೇ
"ಮಡ್ಡಿ ಅನ್ನಿ ಮತ್ತೆ.
ಬೆಂಡೆಗಿಡ ಜಜ್ಜಿ ಲೋಳೆ ಬುಟ್ರೆ ಮ್ಯಾಕ್ ಬತ್ತದೆ,
ಜಾಲ್ರಿಲಿ ಎತ್ತಿ ಎಸೆಯೋದು. ಅಷ್ಟೇ ತಾನೆ?"
ಅಷ್ಟೇ, ಎಂದರು ಡಾಕ್ಟರು.

ಬುಧವಾರ ಮೈಸೂರಿಗೆ ಬಸ್ಸು. ಹದಿನೇಳು ಹಣೆಗಳು,
ಕೊಯ್ಯಬೇಕಾದ ಕಣ್ಣಿನ ಮೇಲೆ ಹಸಿರು ಶಾಯಿಯ ಚುಕ್ಕೆ.
ಶ್ರೀರಂಗಪಟ್ಟಣದ ಸೇತುವೆ ಬಂದಾಗ ಕೆಂಪಾಜಮ್ಮ
"ನನ್ ಕಣ್ಣು ನಂಗೇ ಇರ್ಲಿ, ಇಳ್ಸಿ" ಎಂದು ಅತ್ತಳು.
ಮಗಳ ಜೊತೆ ಇಳಿಸಿದೆವು.
ಆಕೆ ಇನ್ನೂ ಬಂದಿಲ್ಲ.

ಪಟ್ಟಿ ಬಿಚ್ಚುವ ಬೆಳಿಗ್ಗೆ ನಾವು ನಗುವಿಗೆ ಕಾಯುತ್ತೇವೆ,
ಯಾರಾದರೊಬ್ಬರು ಫೋನು ಹಿಡಿದಿರುತ್ತಾರೆ.
ಮಂಚಯ್ಯ ನಗಲಿಲ್ಲ. ಹಾಸಿಗೆ ಮುಟ್ಟಿ ಕೇಳಿದ:
"ಇದ್ಯಾಕೆ ನೀಲಿ ಹಾಕಿದ್ದೀರಿ?"
ಬಿಳಿ ತಾತ ಅದು.
ಗೋಡೆ ನೋಡಿದ. ನನ್ನ ಕೋಟು ನೋಡಿದ.
ತಟ್ಟೆಯ ಇಡ್ಲಿಯನ್ನು ತುಂಬಾ ಹೊತ್ತು ನೋಡಿದ.

ಆರನೇ ವಾರದ ತಪಾಸಣೆಗೆ ಬರಲಿಲ್ಲ.
ಹುಡುಕಿಕೊಂಡು ಆಲೆಮನೆಗೇ ಹೋದೆ.
ಒಣಗಿದ ಕಬ್ಬಿನ ಸಿಪ್ಪೆಯ ಮೇಲೆ ಕೂತಿದ್ದ,
ಮುಂದೆ ಮೂರು ಅಚ್ಚು ಬೆಲ್ಲ,
ಮೂಳೆಯ ಹಾಗೆ ಬೆಳ್ಳಗೆ.

"ಎಂಟು ವರ್ಸ ಕಣವ್ವ.
ಕರ್ರಗದೆ, ಕರ್ರಗದೆ ಅಂತ ಹುಡುಗ್ರಿಗೆ ಬೋದು
ಇನ್ನೊಂದು ಹಿಡಿ ಪೌಡ್ರು ಹಾಕ್ಸ್ದೆ.
ಹಾಕುದ್ರು. ಒಬ್ರಾದ್ರೂ ಹೇಳ್ಬಾರ್ದಾ?
ಮಂಡ್ಯದಲ್ಲಿ ಬಿಳೀದಕ್ಕೆ ರೇಟು ಜಾಸ್ತಿ, ಯಾರ್ ಹೇಳ್ತಾರೆ ಬುಡು."

ನಾನೂ ಅಗ್ರಹಾರದ ಅಂಗಡಿಯಲ್ಲಿ
"ಬೆಳ್ಳಗಿರೋದು ಕೊಡಿ" ಅಂದವಳು.
ನನ್ನ ಕಣ್ಣು ಆರಕ್ಕೆ ಆರು.
ಏನು ಹೇಳಲಿ? ಟಾರ್ಚು ತೆಗೆದೆ.

ಅಂಗೈಲಿ ಬಲಗಣ್ಣು ಮುಚ್ಚಿಕೊಂಡ:
"ಈ ಕಣ್ಗೆ ಇನ್ನೂ ಚಿನ್ನ ನೋಡು."
ಎಡಗಣ್ಣು ಮುಚ್ಚಿದ. ಏನೂ ಹೇಳಲಿಲ್ಲ.
ಹೀಗೇ ಎರಡು ಮೂರು ಸಲ, ಮಗುವಿನ ಹಾಗೆ.

ಹಿಂದೆ ಯಾರೋ ಗೊಣಗುತ್ತ
ಹಸೀ ಬೆಂಡೆಕಡ್ಡಿ ಜಜ್ಜುತ್ತಿದ್ದರು.
ಎಡಗಣ್ಣು ಯಾವಾಗ ತಾತ?
"ಈ ಕಬ್ಬು ಮುಗೀಲಿ. ಅಲ್ಲೀಗಂಟ ಹದಕ್ಕೆ ಒಂದು ಸಾಕು."

ಪೇಪರಿನಲ್ಲಿ ಸುತ್ತಿ ಕೊಟ್ಟ ಹೊಸ ಉಂಡೆ
ಇನ್ನೂ ಬಿಸಿ, ಗೋಧಿ ಹೊಲದ ಮಣ್ಣಿನ ಕಂದು.
ರಿಜಿಸ್ಟರಿಗೆ ಅಂಟಿತು.
ಅದರ ಪಕ್ಕದಲ್ಲೇ ಬರೆದೆ:
ಬಲ, ಆರಕ್ಕೆ ಒಂಬತ್ತು.
ಎಡ, ಬಾಕಿ.